ತಾನಾಗಿ ಬಿದ್ದದ್ದು ಎಂದು ಬರೆಸಿದವಳು

ನಮ್ಮ ಕಡೆ ಯಾರನ್ನಾದರೂ ರಸ್ತೆಯಲ್ಲಿ ಗಾಡಿ ಗುದ್ದಿದರೆ ಆಸ್ಪತ್ರೆ ಬಾಗಿಲಲ್ಲಿ ಮನೆಯವರು ಹೇಳುವುದು ಒಂದೇ ಮಾತು: ಬೈಕ್ ಸ್ಕಿಡ್ ಆಯ್ತು, ತಾನಾಗಿ ಬಿದ್ದ. ಗುದ್ದಿದರು ಅಂದರೆ ಪೊಲೀಸ್ ಕೇಸಾಗುತ್ತದೆ, ಬೈಕು ಸ್ಟೇಷನ್ ಮುಂದೆ ತುಕ್ಕು ಹಿಡಿಯುತ್ತದೆ, ಡಾಕ್ಟರು ಮುಟ್ಟುವುದೂ ತಡವಾಗುತ್ತದೆ ಎಂಬ ಹೆದರಿಕೆ. ಗುಬ್ಬಿಯ ಶಾಲೆಯಲ್ಲಿ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಮಾಡುವ ನಾನೂ ತುಮಕೂರಿನ ಆಸ್ಪತ್ರೆಯಲ್ಲಿ ಅದನ್ನೇ ಬರೆಸಿದೆ. ನನ್ನ ಗಂಡನಿಗೆ ಆಗ ಪ್ರಜ್ಞೆ ಇರಲಿಲ್ಲ.

ಅವರು ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ರಾತ್ರಿ ಪಾಳಿ ಮುಗಿಸಿ, ಬೆಳಿಗ್ಗೆ ಕುಣಿಗಲ್‌ನಲ್ಲಿರುವ ಅಕ್ಕನ ಮನೆಗೆ ಹೊರಟಿದ್ದರು. ಬಲಗಾಲು ಎರಡು ಕಡೆ ಮುರಿದಿತ್ತು. ಎಚ್ಚರವಾದ ದಿನ, ಹಿಂದಿನಿಂದ ಏನೋ ಗುದ್ದಿತು ಅಂದರು. ಆದರೆ ನೋಡಲು ಬಂದವರಿಗೆಲ್ಲ ನಾವು ತಾನಾಗಿ ಬಿದ್ದದ್ದು ಅನ್ನುತ್ತಲೇ ಇದ್ದೆವು. ನೆಂಟರೊಬ್ಬರು, ಕುಡಿದಿದ್ದರಾ ಎಂದು ಕೇಳಿದರು. ಲಿಂಗಪೂಜೆ ಮುಗಿಯದೆ ಕಾಫಿಯನ್ನೂ ಮುಟ್ಟದ ಮನುಷ್ಯ! ನನಗೆ ಮೈಯೆಲ್ಲ ಉರಿಯಿತು, ಬಾಯಿ ಮಾತ್ರ ಬಿಡಲಿಲ್ಲ. ಮೂರು ತಿಂಗಳಾಗುವಷ್ಟರಲ್ಲಿ ಅವರೇ, "ತೂಕಡಿಸಿದ್ನೇನೋ ಕಣೇ" ಅನ್ನತೊಡಗಿದರು. ತನ್ನ ಕಾಲನ್ನು ತಾನೇ ಮುರಿದುಕೊಂಡೆ ಎಂದು ನಂಬಿ, ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದರು.

ಗುದ್ದಿದ ಗಾಡಿ ಸಿಗದಿದ್ದರೂ ಸರ್ಕಾರದಿಂದ ಪರಿಹಾರ ಸಿಗುತ್ತದೆ ಎಂದು ತಿಳಿಸಿದವರು ನಮ್ಮ ಹೆಡ್‌ಮಾಸ್ಟರು. ಅರ್ಜಿಗೆ ಎಫ್‌ಐಆರ್ ಬೇಕು. ಠಾಣೆಗೆ ಹೋದರೆ ಸಬ್ ಇನ್ಸ್‌ಪೆಕ್ಟರು ಆಸ್ಪತ್ರೆಯ ಕಾಗದ ನೋಡಿ, ನೀವೇ ಹೀಗೆ ಬರೆಸಿದ್ದೀರಲ್ಲ ಮೇಡಂ ಅಂದರು. ಕಣ್ಣಾರೆ ಕಂಡವರಿದ್ದರೆ ಕರೆದುಕೊಂಡು ಬನ್ನಿ ಅಂದರು. ಪರಿಹಾರ ಬರುತ್ತದೋ ಬಿಡುತ್ತದೋ, ನಾನು ಬರೆಸಿದ ಆ ಸಾಲು ಅಳಿಸಿದರೆ ಅವರು ಮತ್ತೆ ನನ್ನ ಕಡೆ ತಿರುಗಿ ಮಲಗಿಯಾರು ಎಂಬ ಆಸೆ ನನ್ನದು.

ಅಪಘಾತವಾಗಿ ಏಳು ತಿಂಗಳಾದ ಮೇಲೆ, ಒಂದು ಭಾನುವಾರ ಕುಣಿಗಲ್ ಬಸ್ಸು ಹತ್ತಿ, ಆಂಬುಲೆನ್ಸಿನವರು ಹೇಳಿದ್ದ ತಿರುವಿನಲ್ಲಿ ಇಳಿದೆ. ರಸ್ತೆಯಂಚಿನಲ್ಲಿ ಒಂದು ಕಲ್ಲು. ಅದಕ್ಕೆ ಅರಿಶಿನ, ಕುಂಕುಮ, ಒಂದು ಚೆಂಡುಹೂವು. ಪಕ್ಕದ ಹುಣಸೆಮರದಡಿ ಸೀಬೆಹಣ್ಣು ಮಾರುತ್ತಿದ್ದ ಹೆಂಗಸನ್ನು ಇದು ಯಾವ ದೇವರು ಎಂದು ಕೇಳಿದೆ. ದೇವರಲ್ಲವಂತೆ. ಅಲ್ಲಿ ಯಾರದೋ ರಕ್ತ ಚೆಲ್ಲಿತ್ತಂತೆ. ಮನುಷ್ಯರ ರಕ್ತ ತುಳಿದು ಓಡಾಡಬಾರದೆಂದು ತಾನೇ ಕೊಡಗಟ್ಟಲೆ ನೀರು ಹೊತ್ತು ತಂದು ತೊಳೆದು, ಕಲ್ಲಿಟ್ಟು, ದಿನಾ ಒಂದು ಹೂವಿಡುತ್ತಿದ್ದಳಂತೆ. ಅವರು ನನ್ನ ಗಂಡ ಅಂದೆ. ಆಕೆ ಎದ್ದು ನಿಂತಳು.

"ಬದುಕವ್ರಾ?"

ಬದುಕಿದ್ದಾರೆ ಅಂದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೆಸರೂ ಗೊತ್ತಿಲ್ಲದ ಒಬ್ಬರಿಗಾಗಿ, ಸತ್ತೇಹೋದರೆಂದು ತಿಳಿದು, ಏಳು ತಿಂಗಳು ಹೂವಿಟ್ಟವಳು. ನಾನು ಹೆಂಡತಿಯಾಗಿ ಮಾಡಿದ್ದೇನು? ಸುಳ್ಳು ಬರೆಸಿದ್ದು. ರಸ್ತೆಬದಿಯಲ್ಲೇ ಆಕೆಗೆ ಕೈಮುಗಿದೆ. ನಾನು ಕೈಮುಗಿದದ್ದು ನೋಡಿ ಆಕೆಗೆ ನಾಚಿಕೆಯಾಗಿ, ಒಂದು ಸೀಬೆಹಣ್ಣು ಕೊಯ್ದು ಉಪ್ಪುಖಾರ ಹಾಕಿ ಕೊಟ್ಟಳು.

ಬಿಳಿ ಟೆಂಪೋ ಹಿಂದಿನಿಂದ ಗುದ್ದಿ ನಿಲ್ಲಿಸದೆ ಹೋದದ್ದನ್ನು ಆಕೆ ನೋಡಿದ್ದಳು. ಯಾರೂ ಕೇಳಲಿಲ್ಲ, ಹಾಗಾಗಿ ಹೇಳಿರಲಿಲ್ಲ. ಠಾಣೆಗೆ ಬರುತ್ತೀರಾ ಎಂದು ಕೇಳಿದೆ. ಆಕೆ ಯಾವತ್ತು ಎಂದಷ್ಟೇ ಕೇಳಿದಳು. ವ್ಯಾಪಾರ ಬಿಟ್ಟು, ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ ಉಟ್ಟು ಬಂದಳು. ಅಂದು ಸಾಹೇಬರು ಇರಲಿಲ್ಲ. ಮಾರನೆಯ ದಿನ ಅದೇ ಸೀರೆ ಉಟ್ಟು ಮತ್ತೆ ಬಂದಳು.

ಸಬ್ ಇನ್ಸ್‌ಪೆಕ್ಟರು ಗಾಡಿ ನಂಬರ್ ಕೇಳಿದರು. ಆಕೆಗೆ ಓದು ಬರುವುದಿಲ್ಲ. ಸುಳ್ಳು ಸಾಕ್ಷಿಯಾದರೆ ಕೋರ್ಟು ಕಚೇರಿ ಅಲೆಯಬೇಕಾಗುತ್ತದೆ ಎಂದು ಗದರಿದರು. ಸುಳ್ಳು ಹೇಳಿದವಳು ನಾನು ಸಾರ್, ಅವರಲ್ಲ ಅಂದೆ. ಆಕೆ ನನ್ನ ಭುಜದ ಮೇಲೆ ಕೈಯಿಟ್ಟಳು.

"ಇವ್ರು ಹೆದರ್ಕೊಂಡು ಹಂಗಂದವ್ರೆ. ಗುದ್ದಿದವ್ನೂ ಹೆದರ್ಕೊಂಡೇ ಓಡೋದ. ನಂಗೇನ್ ಭಯ ಸ್ವಾಮಿ? ನೋಡಿದೀನಿ, ಬರ್ಕಳಿ."

ಅವರು ಪೆನ್ನು ತೆಗೆದುಕೊಂಡರು. ಅಷ್ಟು ನೆಟ್ಟಗೆ ನಿಂತ ಮನುಷ್ಯರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಟೆಂಪೋ ಇನ್ನೂ ಪತ್ತೆಯಾಗಿಲ್ಲ. ಅರ್ಜಿ ತಾಲೂಕು ಕಚೇರಿಯಿಂದ ತುಮಕೂರಿಗೆ ಹೋಗಿ ಕೂತಿದೆ. ಆದರೆ ಎಫ್‌ಐಆರ್ ಪ್ರತಿ ಸಿಕ್ಕ ದಿನ ಸಂಜೆಯೇ ಅದನ್ನು ಗಂಡನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು, "ರಸ್ತೆಯ ಎಡಬದಿಯಲ್ಲಿ ಹೋಗುತ್ತಿದ್ದಾಗ ಹಿಂದಿನಿಂದ ಬಂದ ಬಿಳಿ ಟೆಂಪೋ" ಎಂಬಲ್ಲಿಗೆ ಬಂದು ನಿಂತರು. ಮತ್ತೆ ಮೊದಲಿಂದ, ಈ ಸಲ ಜೋರಾಗಿ ಓದಿದರು. ಕಾಗದ ಮಡಚಿ ಅಂಗಿಯ ಜೇಬಿಗಿಟ್ಟುಕೊಂಡು, ನನ್ನ ಕಡೆ ತಿರುಗಿದರು.

"ನೀನೂ ನಂಬ್ಬಿಟ್ಟಿದ್ದೆ, ಅಲ್ವಾ? ತೂಕಡಿಸಿ ಬಿದ್ದೆ ಅಂತ."

ಇಲ್ಲ ಅನ್ನಲು ಬಾಯಿ ತೆರೆದೆ. ಠಾಣೆಯಲ್ಲಿ ನೆಟ್ಟಗೆ ನಿಂತಿದ್ದ ಆಕೆಯ ನೆನಪಾಯಿತು. ಹೂಂ ಅಂದೆ.