ಮಡಿಮನೆಯ ವೆಕ್ಟರ್ ಫೀಲ್ಡ್

ಠಪ್. ಒದ್ದೆ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಒದರಿದರೆ ಬರುವ ಸದ್ದು ಅದು. ಅದರ ಹಿಂದೆಯೇ ಸೀರೆ ಏರಿಸುವ ಮಡಿಕೋಲು ಮೇಲಿನ ಗಳಕ್ಕೆ ತಾಗಿ ಟಕ್. ನಂಜನಗೂಡಿನ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಹೀಗೆ. ದೇವಸ್ಥಾನದ ಗಂಟೆ, ಮೈಸೂರು ಟ್ರೈನಿನ ಕೂಗು ಎಲ್ಲ ಆಮೇಲೆ. ಇವತ್ತು ಪಕ್ಕದ ಮನೆಯ ಟೆರೇಸಿನಲ್ಲಿ ಯಾರೋ ಬೆಡ್‌ಶೀಟ್ ಒದರಿದರು ನೋಡಿ, ಕಾಫಿ ಲೋಟ ಹಿಡಿದು ನಿಂತಿದ್ದವಳು ಥಟ್ಟನೆ ಹಿಂದಕ್ಕೆ ಸರಿದೆ. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಯಿತು. ನನ್ನ ಕಾಲಿಗೆ ಇನ್ನೂ ಆ ಸುದ್ದಿ ತಲುಪಿಲ್ಲ.

ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಬೆಳೆದವಳು ನಾನು. ಫೋರ್ಕ್ ಯಾವ ಕೈಯಲ್ಲಿ ಹಿಡಿಯಬೇಕೆಂದು ಗೊತ್ತಿತ್ತು, ಇಂಗ್ಲಿಷ್ ಪದ್ಯ ತಪ್ಪಿಲ್ಲದೆ ಒಪ್ಪಿಸುತ್ತಿದ್ದೆ. ಇವೆರಡೂ ನಂಜನಗೂಡಿನ ಅಡುಗೆಮನೆಯಲ್ಲಿ ಎಳ್ಳಷ್ಟೂ ಉಪಯೋಗಕ್ಕೆ ಬರಲಿಲ್ಲ. ಅತ್ತೆ ಬೆಳಕು ಹರಿಯುವ ಮೊದಲೇ ಸ್ನಾನ ಮಾಡಿ, ಕೋಲಿನಿಂದ ಇಳಿಸಿದ ಸೀರೆ ಉಟ್ಟು ಒಲೆಯ ಮುಂದೆ ಕೂತರೆಂದರೆ ನೈವೇದ್ಯವಾಗುವವರೆಗೆ ಯಾರೂ ಅವರನ್ನು ಮುಟ್ಟುವಂತಿಲ್ಲ. ಇಡೀ ಮನೆ ಅವರಿಂದ ಒಂದು ಮಾರು ದೂರದಲ್ಲಿ ಓಡಾಡಬೇಕು. ಮದುವೆಯಾದ ಹೊಸದರಲ್ಲಿ ನನ್ನ ಸೆರಗು ಅವರಿಗೆ ತಾಗಿಬಿಟ್ಟಿತು. ಬಯ್ಯಲಿಲ್ಲ. ಎದ್ದು ಬಚ್ಚಲಿಗೆ ಹೋದರು. ಆ ತಂಬಿಗೆಯ ಸದ್ದು ಯಾವ ಬೈಗುಳಕ್ಕೂ ಕಡಿಮೆಯಿರಲಿಲ್ಲ. ಮಡಿಯನ್ನು ಹೊಗಳಲು ನಾನು ಕೂತಿಲ್ಲ ಬಿಡಿ; ಅದರಿಂದ ನೊಂದವರಲ್ಲಿ ನಾನೂ ಒಬ್ಬಳು, ನನಗಿಂತ ಹೆಚ್ಚು ನೊಂದವರೂ ಇದ್ದಾರೆ.

ಆ ಮನೆಯಲ್ಲಿ ನನ್ನ ಜೊತೆಗಾತಿ ಎಂದರೆ ನನ್ನ ನಾದಿನಿ ಗಿರಿಜ. ದಿನಾ ಬೆಳಿಗ್ಗೆ ಟ್ರೈನಿನಲ್ಲಿ ಮೈಸೂರಿಗೆ ಹೋಗಿ ಗಣಿತದಲ್ಲಿ ರಿಸರ್ಚ್ ಮಾಡುತ್ತಿದ್ದಳು. ಗಂಡು ಗೊತ್ತಾಗುವ ತನಕ ಓದಿಕೊಂಡಿರಲಿ ಎಂಬುದು ಮನೆಯವರ ಲೆಕ್ಕ, ಅಷ್ಟರೊಳಗೆ ಮುಗಿಸಿಬಿಡಬೇಕೆಂಬುದು ಅವಳ ಲೆಕ್ಕ. ಅದೇನು ಓದುತ್ತೀಯಮ್ಮ ಎಂದು ಒಂದು ಭಾನುವಾರ ಕೇಳಿದೆ. ತರಕಾರಿ ಬುಟ್ಟಿಯಿಂದ ನಿಂಬೆಹಣ್ಣು ತೆಗೆದುಕೊಂಡಳು.

"ಇದರ ಮೈಮೇಲೆಲ್ಲ ಪುಟ್ಟ ಪುಟ್ಟ ಬಾಣ ಬರೆದಿದೆ ಅಂದ್ಕೊಳ್ಳಿ ಅತ್ತಿಗೆ. ಒಂದೊಂದು ಚುಕ್ಕೆಗೂ, ನೀನು ಈ ಕಡೆ ಹೋಗು, ಇಷ್ಟು ಜೋರಾಗಿ ಹೋಗು ಅಂತ ಹೇಳೋ ಬಾಣ. ಅದೇ ವೆಕ್ಟರ್ ಫೀಲ್ಡ್."

ಆಮೇಲೆ ಹಣ್ಣಿನ ಎರಡು ತುದಿಗಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ತಿರುಗಿಸಿದಳು. ಎಲ್ಲ ಚುಕ್ಕೆಗಳೂ ಚಲಿಸುತ್ತಿವೆ, ಆದರೆ ಯಾವ ಎರಡು ಚುಕ್ಕೆಗಳ ನಡುವಿನ ದೂರವೂ ಬದಲಾಗುತ್ತಿಲ್ಲ. ನಿಂಬೆಹಣ್ಣು ಮೊದಲಿದ್ದ ಹಾಗೇ ಇದೆ. ಎಲ್ಲೂ ಹಿಗ್ಗದ, ಎಲ್ಲೂ ಕುಗ್ಗದ ಇಂಥ ಚಲನೆಯ ಬಾಣಗಳಿಗೆ ಕಿಲ್ಲಿಂಗ್ ವೆಕ್ಟರ್ ಫೀಲ್ಡ್ ಎಂದು ಹೆಸರಂತೆ. ಹೆಸರು ಕೇಳಿ ನಾನು ಬೆಚ್ಚಿದ್ದಕ್ಕೆ ಅವಳಿಗೆ ನಗು; ಕಿಲ್ಲಿಂಗ್ ಎನ್ನುವುದು ಒಬ್ಬ ಗಣಿತಜ್ಞನ ಹೆಸರಂತೆ. ಇದನ್ನೇ ಹಾಗಲಕಾಯಿಯಲ್ಲಿ ಮಾಡಿ ನೋಡಿ ಎಂದಳು. ತಿರುಗಿಸಿದರೆ ಉಬ್ಬಿದ್ದ ಕಡೆ ತಗ್ಗು ಬರುತ್ತದೆ, ತಗ್ಗಿದ್ದ ಕಡೆ ಉಬ್ಬು, ತಿರುಗಿಸಿದ ಗುಟ್ಟು ರಟ್ಟಾಗುತ್ತದೆ. ಬಾಗಿದ ಎಲ್ಲ ಜಾಗಗಳಿಗೂ ಈ ಭಾಗ್ಯವಿಲ್ಲ. ಯಾವುದಕ್ಕೆ ಇದೆ, ಯಾವುದಕ್ಕೆ ಇಲ್ಲ, ಬಾಗಿದ ರೀತಿ ನೋಡಿಯೇ ಅದನ್ನು ಹೇಳಬಹುದೇ ಎನ್ನುವುದು ಅವಳ ಥೀಸಿಸ್.

"ನಮ್ಮನೇಲೇ ಇದೆಯಲ್ಲ," ಎಂದು ದನಿ ತಗ್ಗಿಸಿದಳು. "ಎಲ್ಲಾರೂ ಓಡಾಡ್ತೀವಿ, ಅಮ್ಮನಿಂದ ಇರೋ ದೂರ ಮಾತ್ರ ಬದಲಾಗಲ್ಲ. ನಿಂಬೆಹಣ್ಣಿನ ತುದಿ ಇದ್ದ ಹಾಗೆ ಅಮ್ಮ. ತುದಿ ಅಲ್ಲಾಡಲ್ಲ, ಅಲ್ಲಿ ಬಾಣ ಸೊನ್ನೆ."

"ಏನೇ ಅದು, ನನಗೆ ಸೊನ್ನೆ?" ಒಳಗಿಂದ ಅತ್ತೆ.

"ಏನಿಲ್ಲಮ್ಮ, ಉದಾಹರಣೆ."

"ಉದಾಹರಣೆ ಆದ್ಮೇಲೆ ಆ ನಿಂಬೆಹಣ್ಣು ತೊಳ್ದು ಇಡು."

ಥೀಸಿಸ್ ಮುಗಿಯಿತು. ವೈವಾ ದಿನಾಂಕವೂ ಬಂತು, ಅದೂ ನಮ್ಮ ಮಾವನವರ ತಿಥಿಯ ದಿನಕ್ಕೇ. ಪಂಚಾಂಗ ಯೂನಿವರ್ಸಿಟಿಯನ್ನು ಕೇಳಿ ನಡೆಯುವುದಿಲ್ಲವಲ್ಲ. ಎಕ್ಸಾಮಿನರ್ ದೂರದ ಊರಿನವರು, ಅದೇ ಸಂಜೆ ವಾಪಸು ಹೊರಡುವವರು. ಈ ಸಲ ತಪ್ಪಿದರೆ ಮತ್ತೆ ಯಾವಾಗಲೋ. ಅಷ್ಟರಲ್ಲಿ ಗಂಡು ಗೊತ್ತಾದರೆ ಥೀಸಿಸ್ ಅಟ್ಟಕ್ಕೆ. ಪೌರೋಹಿತ್ಯ ಮಾಡುತ್ತಿದ್ದ ಚಿಕ್ಕಮಾವ, ತಂದೆಯ ತಿಥಿಯ ದಿನ ಮಗಳು ಮನೆಯಲ್ಲಿಲ್ಲದೆ ಹೋದರೆ ಜನ ಏನಂದಾರು ಎಂದರು. ನನ್ನವರು ಕನ್ನಡಕ ಒರೆಸಿಕೊಂಡರು. ಅತ್ತೆ ತಿಥಿಯ ಅಕ್ಕಿ ಆರಿಸಲು ಕೂತರು. ಅವರು ಬೇಡ ಎಂದಿದ್ದರೆ ಗಿರಿಜ ಹೋಗುತ್ತಿರಲಿಲ್ಲ, ಅದು ನನಗೆ ಗೊತ್ತು.

ತಿಥಿಯ ಬೆಳಿಗ್ಗೆ ಮಡಿ ಎಂದರೆ ಕಟ್ಟುನಿಟ್ಟಿನ ಮಡಿ. ಅತ್ತೆ ಒಲೆಯ ಮುಂದೆ, ನಾನೂ ಮಡಿಯುಟ್ಟು ಪಕ್ಕದಲ್ಲಿ. ಗಿರಿಜ ಸ್ಟಾರ್ಚ್ ಹಾಕಿದ ಕಾಟನ್ ಸೀರೆಯುಟ್ಟು, ಬ್ಯಾಗು ಹಿಡಿದು ನಡುಮನೆಯಲ್ಲಿ ಬಂದು ನಿಂತಳು. ಹೋಗಲೇ ಎಂದು ಕೇಳಲಿಲ್ಲ. ದೂರದಿಂದಲೇ ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿ, ಎದ್ದು ಕಾದಳು.

ಅತ್ತೆ ಸೌಟು ಕೆಳಗಿಟ್ಟರು. "ಒಲೆ ನೋಡ್ಕೋ," ಎಂದರು ನನಗೆ. ಎದ್ದರು, ಹೊಸ್ತಿಲು ದಾಟಿದರು, ನೆಟ್ಟಗೆ ನಡೆದುಹೋಗಿ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಅಯ್ಯೋ ಅಮ್ಮ, ಮಡಿ..."

"ಹೋಗು ಮಗಳೇ. ನಿಮ್ಮಪ್ಪ ಬದುಕಿದ್ದಾಗ್ಲೂ ನಿನ್ನ ಪರೀಕ್ಷೆ ಮುಗಿದು ಬರೋ ತನಕ ಊಟಕ್ಕೆ ಕಾದವರು. ಇವತ್ತೂ ಸ್ವಲ್ಪ ಕಾಯ್ತಾರೆ. ನಾನು ಇನ್ನೊಂದು ಸಲ ಸ್ನಾನ ಮಾಡ್ತೀನಿ. ನೀರಿಗೇನು ಬರ, ಹೊಳೆ ಇದೆ."

ಚಿಕ್ಕಮಾವ ದರ್ಭೆಯ ಕಟ್ಟನ್ನೇ ನೋಡುತ್ತ ಕೂತರು. ನಾನು ಸೌಟು ಹಿಡಿದುಕೊಂಡು, ಸೊನ್ನೆ ಎದ್ದು ನಡೆದುದನ್ನು ಕಣ್ತುಂಬ ನೋಡಿದೆ. ಹೊಗೆಯಿಂದ ಕಣ್ಣಲ್ಲಿ ನೀರು ಎಂದು ಆಮೇಲೆ ಎಲ್ಲರಿಗೂ ಹೇಳಿದ್ದೂ ನಾನೇ.

ಸಂಜೆ ಗಿರಿಜ ಡಾಕ್ಟರೇಟ್ ಗೆದ್ದುಕೊಂಡು ಬಂದಳು. ಮರುದಿನ ಬೆಳಿಗ್ಗೆ ತಾಂಡವಪುರದ ಕಡೆಯಿಂದ ಹಾಲು ತರುತ್ತಿದ್ದ ಸಾಕಮ್ಮನಿಗೆ ಅತ್ತೆಯೇ ವಿವರಿಸಿದರು: ಎಲ್ಲಾರೂ ಓಡಾಡಬೇಕು, ಮಧ್ಯದ ಅಳತೆ ಕೆಡಬಾರದು, ಅದರ ಲೆಕ್ಕ ನಮ್ಮ ಹುಡುಗಿ ಮಾಡಿದ್ದು.

"ಅಂಗಾರೆ ನಮ್ಮಟ್ಟೀಲಿ ಈ ಲೆಕ್ಕ ನಡಿಯಾಕಿಲ್ಲ ಬುಡಿ ಅವ್ವಾರೆ," ಎಂದಳು ಸಾಕಮ್ಮ. "ನಮ್ಮೆಮ್ಮೆ ಎಲ್ಲಾರ್ನೂ ತಾಗ್ಕಂಡೇ ಓಡಾಡ್ತದೆ."

ಅತ್ತೆ ಅಷ್ಟು ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಗಿರಿಜ ಎರಡು ಹೊಳೆ ಕೂಡುವ ಟಿ. ನರಸೀಪುರದ ಕಾಲೇಜಿನಲ್ಲಿ ಲೆಕ್ಚರರ್ ಆದಳು, ಮದುವೆ ತನಗೆ ಬೇಕಾದಾಗ ಮಾಡಿಕೊಂಡಳು, ರಿಟೈರ್ ಆದ ಮೇಲೂ ಅಲ್ಲೇ ಉಳಿದಳು. ಬನ್ನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಕಬ್ಬಿನ ಗದ್ದೆಯ ಹುಡುಗಿಯರು ನಿಂಬೆಹಣ್ಣು ತಿರುಗಿಸಿ ತಿರುಗಿಸಿ ಜಾಮೆಟ್ರಿ ಕಲಿತರು. ಅವರಲ್ಲಿ ಕೆಲವರು ಈಗ ತಾವೇ ಕಲಿಸುತ್ತಾರೆ. ನಮ್ಮ ಮನೆಯ ಹೆಣ್ಣುಮಗಳು ಎಂದು ಹೇಳುವಾಗ ನನ್ನ ಬೆನ್ನು ಈ ವಯಸ್ಸಿನಲ್ಲೂ ನೆಟ್ಟಗಾಗುತ್ತದೆ.

ಬೆಡ್‌ಶೀಟಿನ ಸದ್ದಿಗೆ ಹಿಂದೆ ಸರಿದವಳು ಕಾಫಿ ಆರುವ ತನಕ ಅಲ್ಲೇ ನಿಂತಿದ್ದೆ. ಆಮೇಲೆ, ಸರಿದಷ್ಟೂ ಮುಂದಕ್ಕೆ ಬಂದು ನಿಂತೆ. ಗಿರಿಜಳನ್ನು ನರಸೀಪುರದ ಅವಳ ಮನೆಯಲ್ಲಿ ಕಡೆಯ ಸಲ ನೋಡಿದ್ದು ನೆನಪಾಯಿತು.

ಕಾಯಿಲೆ ಜೋರಾಗಿತ್ತು. ಔಷಧಿಯಿಂದ ಮೈಯಲ್ಲಿ ತಡೆಯುವ ಶಕ್ತಿ ಇಳಿದಿದೆ, ಇನ್‌ಫೆಕ್ಷನ್ ಆಗಬಾರದು, ಯಾರೂ ಹತ್ತಿರ ಹೋಗಬೇಡಿ ಎಂದು ಡಾಕ್ಟರ್ ಹೇಳಿದ್ದರು. ನಾನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತೆ, ಅವಳು ಕಿಟಕಿಯ ಬಳಿ. "ಈಗ ನಾನೇ ಮಡಿ ಅತ್ತಿಗೆ," ಎಂದು ನಕ್ಕಳು. ಸಂಜೆ ಬಸ್ಸಿಗೆ ಹೊತ್ತಾಯಿತು. ಎದ್ದು ಬಾಗಿಲಿಂದಲೇ ಕೈ ಮುಗಿದೆ. ಅವಳು ಕುರ್ಚಿಯ ಕೈ ಹಿಡಿದು ಮೆಲ್ಲಗೆ ಎದ್ದಳು. ಗೋಡೆ ಹಿಡಿದುಕೊಂಡು, ಬೇಡ ಬೇಡ ಎಂದರೂ ಕೇಳದೆ, ಅಷ್ಟು ದೂರವನ್ನೂ ನಡೆದು ಬಂದು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹೋಗಿಬನ್ನಿ ಅತ್ತಿಗೆ. ನಾನು ಇನ್ನೊಂದು ಸಲ ಕೈ ತೊಳ್ಕೋತೀನಿ. ನೀರಿಗೇನು ಬರ, ಇಲ್ಲಿ ಎರಡು ಹೊಳೆ ಇದೆ."