ಹೆಸರಿಲ್ಲದ ಮೂರು ಹುಲ್ಲು

ಮಹಾರಾಜರ ಕಾಲದ ಮಾತು. ನಾನು ಎಂ.ಎ. ಪ್ರಬಂಧಕ್ಕಾಗಿ ಹುಲ್ಲುಗಳ ಹೆಸರು ಕೇಳುತ್ತ ಹೆಗ್ಗಡದೇವನಕೋಟೆ ಕಡೆ ಅಲೆಯುತ್ತಿದ್ದೆ. ಮೂರು ಹುಲ್ಲುಗಳಿಗೆ ಮಾತ್ರ ಯಾರೂ ಹೆಸರು ಹೇಳಲಿಲ್ಲ. ಕೊನೆಗೆ ದನ ಮೇಯಿಸುತ್ತಿದ್ದ ಕೆಂಪಮ್ಮ ಎಂಬ ಅಜ್ಜಿ ಥಟ್ಟನೆ ಹೇಳಿದಳು: "ಇದು ಗೊಣಗಿ, ಇದು ಸಿಡುಕಿ, ಇದು ನಿದ್ದೆಬುರ್ಕಿ."

ಹಿಗ್ಗಿ ಅಂದೇ ಮೈಸೂರಿನಲ್ಲಿದ್ದ ನನ್ನ ಮೇಷ್ಟ್ರಿಗೆ ಕಾಗದ ಹಾಕಿದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಲ್ಲಿ ವಿಚಾರಿಸಬೇಕೆಂಬ ಅವರ ಪಾಠ ನೆನಪಾದದ್ದು ಮರುದಿನ. ಪಕ್ಕದ ಹಳ್ಳಿಯಲ್ಲಿ ಒಬ್ಬಾಕೆಗೆ ಆ ಹೆಸರುಗಳನ್ನು ಓದಿದೆ. ಆಕೆ ಬಾಯಿಗೆ ಸೆರಗಿಟ್ಟು ನಕ್ಕಳು.

"ಉಲ್ಲಲ್ಲ ಕಣ್ ಬುದ್ದೀ! ನಮ್ಮಕ್ಕ ಕೆಂಪಿ ಮೂರು ಸೊಸೇರಿಗೂ ಇಟ್ಟಿರೋ ಅಡ್ಡೆಸ್ರು!"

ವಾಪಸು ಹೋಗಿ ಕೆಂಪಮ್ಮನನ್ನು ಕೇಳಿದೆ: "ಯಾಕಜ್ಜಿ ಸುಳ್ಳು ಹೇಳಿದ್ರಿ?"

"ಅಷ್ಟು ದೂರದಿಂದ ಬಂದಿದ್ರಿ. ಗೊತ್ತಿಲ್ಲ ಅಂತ ಎಂಗನ್ನಾದು?"

ಎರಡು ದಿನ ಬಿಟ್ಟು ಮೇಷ್ಟ್ರ ಕಾಗದ ಬಂತು. ಮೂರೂ ಬಹಳ ಅಪರೂಪದವು, ಬೇರುಸಮೇತ ಕಿತ್ತು ಮೈಸೂರಿಗೆ ಕಳಿಸಬೇಕು ಎಂದು ಬರೆದಿದ್ದರು. ತಪ್ಪೊಪ್ಪಿಕೊಂಡು ಉತ್ತರ ಬರೆಯುವ ಮೊದಲು ಅದನ್ನು ಅಜ್ಜಿಗೆ ಓದಿ ಹೇಳಿದೆ.

ಕೆಂಪಮ್ಮ ಗಂಭೀರವಾಗಿ ಮನೆಯ ಕಡೆ ನೋಡಿದಳು.

"ಈಗ್ಲೇ ಕರ್ಕೊಂಡೋಗಿ ಬುದ್ದೀ. ನಾನು ಬ್ಯಾಡ ಅನ್ನಾಕಿಲ್ಲ."