ಹುಳದ ಮನೆಯ ಹೊಸಿಲು

ನಮ್ಮ ಹುಳದ ಮನೆಯ ಬಾಗಿಲಲ್ಲಿ ಈಗ ಬ್ಲೀಚಿಂಗ್ ಪೌಡರ್ ನೀರಿನ ಟ್ರೇ ಇದೆ. ಯಾರೇ ಬರಲಿ, ಅದರಲ್ಲಿ ಕಾಲದ್ದಿಯೇ ಒಳಗೆ ಹೋಗಬೇಕು. ಆ ವಾಸನೆ ಮೂಗಿಗೆ ಬಡಿದಾಗಲೆಲ್ಲ ನನಗೆ ಮುನಿಯಮ್ಮನ ನೆನಪು. ಆಕೆಯ ಕಾಲದಲ್ಲಿ ಈ ಟ್ರೇ ಇರಲಿಲ್ಲ. ರೋಗ ತಡೆಯಲು ನಮ್ಮಜ್ಜಿ ಇದ್ದಳು.

ಶಿಡ್ಲಘಟ್ಟದ ಕಡೆಯವರಿಗೆ ಹೇಳಬೇಕಿಲ್ಲ, ನಿಮಗೆ ಹೇಳುತ್ತೇನೆ: ರೇಷ್ಮೆ ಹುಳ ಬಲು ಸೂಕ್ಷ್ಮ. ನಮ್ಮ ಮನೆಯದ್ದು ಇನ್ನೂ ಸೂಕ್ಷ್ಮ, ಅದಕ್ಕೆ ಜಾತಿಯೂ ತಿಳಿಯುತ್ತಿತ್ತು. ಊರಾಚೆಯ ಕಾಲೋನಿಯ ಮುನಿಯಮ್ಮ ಕಿತ್ತು ತಂದ ಹಿಪ್ಪುನೇರಳೆ ಸೊಪ್ಪನ್ನು ಸರಸರ ತಿನ್ನುತ್ತಿತ್ತು. ಆಕೆ ಹೊಸಿಲು ದಾಟಿದರೆ ಮಾತ್ರ ಸಾಯುತ್ತಿತ್ತಂತೆ. ಸೆಗಣಿ ಮೆತ್ತಿದ ಕಾಲಲ್ಲಿ ನಾನು ಓಡಾಡಿದರೆ ಅದರ ತಕರಾರಿರಲಿಲ್ಲ. ಮನೆಯ ಮಗನಲ್ಲವೇ.

ಒಂದು ಸಲ ಹುಳಗಳು ಉಬ್ಬಿ ಹಾಲಿನಂಥ ರಸ ಸೋರಿ ಸಾಯುವ ಹಾಲುತೊಂಡೆ ರೋಗ ಬಂದು ಇಡೀ ಬೆಳೆ ತಿಪ್ಪೆ ಸೇರಿತು. ಅದೇ ವಾರ ಮಳೆಯಲ್ಲಿ ಸೊಪ್ಪು ನೆನೆಯದಿರಲೆಂದು ಮುನಿಯಮ್ಮ ಒಂದು ಕಾಲನ್ನು ಒಳಗಿಟ್ಟು ಬುಟ್ಟಿ ಇಳಿಸಿದ್ದಳು.

"ನಿನ್ನ ಕಾಲು ಸೋಕಿದ್ದಕ್ಕೇ ಕಣೇ ಹಿಂಗಾಗಿದ್ದು. ಇನ್ನ ಈ ಕಡೆ ಬರಬ್ಯಾಡ," ಎಂದಳು ಅಜ್ಜಿ.

ಅದೇ ವಾರ ಗೆಳೆಯನ ಮನೆಯ ರೋಗದ ಹುಳಗಳನ್ನು ಹಿಡಿದು ಆಡಿ, ಕೈ ತೊಳೆಯದೆ ನಮ್ಮ ಹುಳಕ್ಕೆ ಸೊಪ್ಪು ಹಾಕಿದ್ದವನು ನಾನು. ಹೇಳಲಿಲ್ಲ. ಆಮೇಲೆ ಚಿಂತಾಮಣಿಯ ಕಾಲೇಜಿನಲ್ಲಿ ಸಮಾನತೆಯ ಬಗ್ಗೆ ಭಾಷಣ ಮಾಡಿ ಮೊದಲ ಬಹುಮಾನ ತೆಗೆದುಕೊಂಡೆ. ಅದರಲ್ಲೂ ಹೇಳಲಿಲ್ಲ.

ಮೊನ್ನೆ ಹುಳ ನೋಡಲು ಬಂದ ರೇಷ್ಮೆ ಅಧಿಕಾರಿ ಮುನಿಯಮ್ಮನ ಮಗಳು. ಟ್ರೇಯಲ್ಲಿ ಕಾಲದ್ದಿ ಸಲೀಸಾಗಿ ಒಳಗೆ ಹೋಗಿಬಂದರು. ನನ್ನ ಹೆಂಡತಿ ನನಗೆ ಸ್ಟೀಲ್ ಲೋಟದಲ್ಲಿ, ಅವರಿಗೆ ಪೇಪರ್ ಲೋಟದಲ್ಲಿ ಕಾಫಿ ತಂದಳು. ನಾನು ದೊಡ್ಡ ಮನುಷ್ಯನ ಹಾಗೆ ಲೋಟ ಬದಲಾಯಿಸಲು ಹೋದೆ.

"ಲೋಟ ಇರ್ಲಿ ಬಿಡಿ ಸಾರ್. ನಮ್ಮಮ್ಮ ಇವತ್ತಿಗೂ ಯಾರ ಹುಳದ ಮನೆ ಹತ್ರಾನೂ ಹೋಗಲ್ಲ. ನನ್ ಕಾಲ್ಗುಣಾನೇ ಸರಿಯಿಲ್ಲ ಅಂತಾಳೆ."

ನಾಚಿಕೆಯಾಯಿತು. ಸಂಜೆಯೇ ಕಾಲೋನಿಗೆ ಹೋಗಿ ಮುನಿಯಮ್ಮನಿಗೆ ಎಲ್ಲವನ್ನೂ ಹೇಳಿದೆ. ಆಕೆ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ತನ್ನ ಪಾದಗಳನ್ನೇ ಸುಮಾರು ಹೊತ್ತು ನೋಡಿಕೊಂಡಳು.

"ಅಷ್ಟು ವರ್ಷ ಸೊಪ್ಪು ಕಿತ್ತೆ. ಅವು ತಿನ್ನೋದು ಒಂದಿನಾನೂ ನೋಡ್ಲಿಲ್ಲ ಕಣಪ್ಪ."

ಬಂದು ನೋಡು ಎಂದು ಕರೆದಿದ್ದೆ, ಇವತ್ತು ಬೆಳಿಗ್ಗೆ ಬಂದಳು. ನಾನು ಟ್ರೇಗೆ ಹೊಸ ನೀರು ಹಾಕಿಟ್ಟಿದ್ದೆ. ಎರಡೂ ಕಾಲು ಅದ್ದಿದಳು, ಇನ್ನೊಮ್ಮೆ ಅದ್ದಿದಳು. ಒಳಗೆ ಹುಳ ತಿನ್ನುವ ಸದ್ದು ಕೇಳಿಸುತ್ತಿತ್ತು. ಅಲ್ಲೇ ನಿಂತುಬಿಟ್ಟಳು.

"ಒಳಗೆ ಬಾರಮ್ಮ," ಎಂದೆ.

"ಇಲ್ಲಿಂದ್ಲೇ ಕಾಣ್ತದೆ ಬಿಡಪ್ಪ," ಎಂದಳು. "ಪಾಪ, ಹುಳಕ್ಕೆ ಏನಾದ್ರೂ ಆಗ್ಬಿಟ್ರೆ?"